ಆಕ್ಸಿಲರೇಟರ್ ಪೆಡಲ್ ಬದಲಾಯಿಸುವ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಮೇಲಿನಿಂದ ತೂಗುವ ಆಕ್ಸಿಲರೇಟರ್ ಪೆಡಲನ್ನು ತೆಗೆದು ನೆಲಕ್ಕೆ ಕೀಲಿರುವ ಪೆಡಲನ್ನು ಕೂರಿಸಲು ಬಯಸುವವರು, ಕೀಲಿನಿಂದ ಕೇಬಲ್ ಸಿಕ್ಕಿಸುವ ಜಾಗಕ್ಕಿರುವ ದೂರ ಬದಲಾದರೆ ಕೇಬಲ್ ಸರಿಯುವ ಉದ್ದವೂ ಬದಲಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಎಳೆತ ಕಡಿಮೆಯಾದರೆ ಪೆಡಲ್ ನೆಲ ಮುಟ್ಟಿದರೂ ಕಾರ್ಬ್ಯುರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗದ) ಥ್ರಾಟಲ್, ಅಂದರೆ ಕೇಬಲ್ ಎಳೆದಾಗ ತೆರೆಯುವ ಕವಾಟ, ಪೂರ್ತಿ ತೆರೆಯುವುದಿಲ್ಲ. ಹೆಚ್ಚಾದರೆ ಕಾಲಿನ ಬಲವೆಲ್ಲ ಕೇಬಲ್ಲಿನ ಮೇಲೆ ಬಿದ್ದು ಅದು ತುಂಡಾಗಬಹುದು, ಆದ್ದರಿಂದ ಪೆಡಲಿನ ಕೆಳಗೆ ತಡೆಯುವ ಬೋಲ್ಟ್ ಇರಲೇಬೇಕು. ಎಂಜಿನ್ ನಿಲ್ಲಿಸಿ, ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಥ್ರಾಟಲ್ ನೋಡಿ ಹೊಂದಿಸುವುದು ಒಳ್ಳೆಯದು. ಕಾಲು ತೆಗೆದೊಡನೆ ಪೆಡಲ್ ತಾನಾಗಿ ಹಿಂದಿರುಗದಿದ್ದರೆ ಕಾರನ್ನು ರಸ್ತೆಗಿಳಿಸಬೇಡಿ. ಗೇರ್ ಇಳಿಸುವಾಗ ಒಂದೇ ಕಾಲಿನಿಂದ ಬ್ರೇಕ್ ಒತ್ತುತ್ತಲೇ ಎಂಜಿನ್ ವೇಗ ಏರಿಸುವವರಿಗೆ ನೆಲದ ಪೆಡಲ್ ಅನುಕೂಲವೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಬ್ರೇಕ್ ಪೆಡಲಿನ ಎತ್ತರಕ್ಕೆ ಅದು ಹೊಂದದಿದ್ದರೆ ಆ ಲಾಭ ಸಿಗದು. ತೆಗೆದ ಮೂಲ ಭಾಗಗಳನ್ನು ದಯವಿಟ್ಟು ಎಸೆಯಬೇಡಿ.