ಈ ಸಲ ಚರಗ ತಂಗಿ ಚೆಲ್ಲಲಿ

ಮ್ಯೂನಿಕ್, 28 ನವೆಂಬರ್ 2025

ತೀರ್ಥರೂಪ ಅಪ್ಪನವರಿಗೆ ಮಗನ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಆರಾಮ. ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಚಳಿ ಜಾಸ್ತಿ. ಅವ್ವ ಕಳಿಸಿದ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎರಡೂ ಮುಟ್ಟಿದವು.

ಹೋದ ವಾರ ಫೋನಿನಲ್ಲಿ ನೀವು ಒಂದು ಮಾತು ಅಂದಿರಿ. "ಈ ಸಲ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗೋದಿಲ್ಲ. ಎತ್ತಿಲ್ಲ, ಬಂಡಿಯಿಲ್ಲ, ಮಗನಿಲ್ಲ. ಚರಗ ಚೆಲ್ಲೋರು ಯಾರು?" ಆಗ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಈ ಪತ್ರ.

ಅಪ್ಪ, ನನಗೆ ಆ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಸುಕಿನಲ್ಲೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ. ಬುತ್ತಿ ಬಂಡಿಗೇರಿಸಿಕೊಂಡು ಎರೆಹೊಲಕ್ಕೆ ಹೋಗುತ್ತಿದ್ದೆವು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರು ಅಂತ ಪೂಜೆ ಮಾಡುತ್ತಿದ್ದೆವು. ಆಮೇಲೆ ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ, ಅದೇ ಚರಗ ಅಂತ ಜೋಳ ಕಡಲೆಯ ಸಾಲಿನಲ್ಲಿ ನೀವು ಚೆಲ್ಲುತ್ತ ಮುಂದೆ, ನಾನು ನಿಮ್ಮ ಪಕ್ಕ. ಹಿಂದೆ ತಂಗಿ, ಚರಿಗೆಯ ನೀರು ಚಿಮುಕಿಸುತ್ತ. ಅವಳು ಹಿಂದೆ ಬರುತ್ತಿದ್ದಳು ಅನ್ನೋದು ಈಗ ಬರೆಯುವಾಗ ನೆನಪಾಯಿತು ನೋಡಿ.

ಹೋದ ವರ್ಷ ನಾನು ಇಲ್ಲೇ ಮಾಡಲು ನೋಡಿದೆ. ಭಾರತದ ಸಾಮಾನಿನ ಅಂಗಡಿಯಿಂದ ಸಜ್ಜೆ ಹಿಟ್ಟು ತಂದೆ. ರೊಟ್ಟಿ ಹರಿಯಿತು. ಇದ್ದದ್ದನ್ನೇ ಕಲಸಿ ಮನೆ ಹಿಂದಿನ ಗಿಡಗಳ ಬುಡಕ್ಕೆ ಹಾಕಿದೆ. ನಿಮ್ಮ ಮೊಮ್ಮಗಳು ಕೇಳಿದಳು: "ಪಪ್ಪಾ, ಊಟ ಯಾಕೆ ಚೆಲ್ತೀಯಾ?" ನನಗೆ ಹೇಳಲು ಗೊತ್ತಾಗಲಿಲ್ಲ. ಇಷ್ಟು ವರ್ಷ ನಿಮ್ಮ ಪಕ್ಕ ನಡೆದವನಿಗೆ ಗೊತ್ತಾಗಲಿಲ್ಲ! ತಂಗಿಗೆ ಫೋನ್ ಹಚ್ಚಿದೆ. ಅವಳು ಮಗುವಿಗೆ ಹೇಳಿದಳು, "ಪುಟ್ಟೀ, ಪೈರು ಹೊಟ್ಟೆಯೊಳಗಿದ್ದಾಗ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಇರ್ತದೆ. ಅವಳಿಗೆ ಉಣಿಸ್ತೀವಿ. ಜೊತೆಗೆ ಹಕ್ಕಿ, ಇರುವೆ, ಇಲಿ ಎಲ್ಲಾರೂ ಉಣ್ತಾರೆ." ಯಾರು ಹೇಳಿದರು ನಿನಗೆ ಅಂದೆ. "ಅಜ್ಜಿ. ಹೋಳಿಗೆ ಲಟ್ಟಿಸುವಾಗ ಹೇಳ್ತಿದ್ಲು, ನೀ ಎಲ್ಲಿರ್ತಿದ್ದಿ?" ಅಂದಳು. ನಾನು ಬಂಡಿ ಹತ್ತಲು ಓಡುತ್ತಿದ್ದೆ.

ಅಪ್ಪ, ಅಜ್ಜ ನಿಮಗೆ, ನೀವು ನನಗೆ, ನಾನು ನನ್ನ ಮಗನಿಗೆ, ಹೀಗೇ ಇದು ಹೋಗಬೇಕು ಅಂತ ನಾವು ತಿಳಿದಿದ್ದೆವು. ಆದರೆ ನಮಗೆ ಬಂದದ್ದು ಬರೀ ಚೆಲ್ಲುವ ಕೈ. ಯಾವುದನ್ನು ಎಷ್ಟು ಕಲಸಬೇಕು, ಯಾರ ಪಾಲು ಎಲ್ಲಿಡಬೇಕು, ಯಾಕೆ ಅನ್ನೋದೆಲ್ಲ ಒಲೆಯ ಮುಂದೆ ಅಜ್ಜಿಯಿಂದ ಅವ್ವನಿಗೆ, ತಂಗಿಗೆ ಹೋಗಿದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತದಲ್ಲ, ಅದನ್ನೆಲ್ಲ ಬಡಿಯೋದೂ ಹೆಣ್ಣುಮಕ್ಕಳೇ.

"ಅವಳು ಕೊಟ್ಟ ಮನೆಯ ಹೆಣ್ಣು" ಅನ್ನುತ್ತೀರಿ, ನನಗೆ ಗೊತ್ತು. ಪಂಚಮಿಗೆ ಜೋಕಾಲಿ ಕಟ್ಟಿ ಅವಳನ್ನು ಕರೆಸುತ್ತೀರಿ, ಅಲ್ವಾ? ಅವಳ ಗಂಡನ ಮನೆಯಲ್ಲಿ ಹೊಲವಿಲ್ಲ. ಆ ದಿನ ಕುಷ್ಟಗಿಯಿಂದ ಬಂದರೆ ಯಾವ ಪೂಜೆಯೂ ತಪ್ಪೋದಿಲ್ಲ. ಅಮಾವಾಸ್ಯೆ ಡಿಸೆಂಬರ್ 19, ಶುಕ್ರವಾರ. ಬಂಡಿಯಿಲ್ಲದಿದ್ದರೆ ಚಿಕ್ಕಪ್ಪನ ಟ್ರ್ಯಾಕ್ಟರ್ ಇದೆ. ಚರಗದ ಬುಟ್ಟಿ ಅವಳ ಕೈಗೆ ಕೊಡಿ. ನೀರಿನ ಚರಿಗೆ ನೀವು ಹಿಡಿಯಿರಿ, ಮಂಡಿನೋವಿಗೆ ಹಿಂದೆ ನಿಧಾನ ನಡೆಯೋದೇ ಒಳ್ಳೆಯದು.

ತಂಗಿಗೆ ನಾನು ಇನ್ನೂ ಏನೂ ಹೇಳಿಲ್ಲ. ನಾನು ಹೇಳಿದರೆ "ಅಪ್ಪ ಏನಂತಾರೋ" ಅಂತ ಹಿಂಜರಿಯುತ್ತಾಳೆ. ನೀವೇ ಫೋನ್ ಮಾಡಿ ಬಾ ಅನ್ನಬೇಕು.

ಅವ್ವನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗ