ಭಾನುವಾರದ ಕಿರುಚಿತ್ರ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ನೋಡೋಣ ಅಂದಿದ್ದ ಕಿರುಚಿತ್ರದ ಲಿಂಕ್ ಮೇಲೆ ಹಾಕಿದ್ದೇನೆ. ಅಮೆರಿಕದ ಮಾಂಟ್ಗೊಮರಿ ಊರಿನವರೇ ಸೇರಿ ಮಾಡಿದ್ದು.

ಕಥೆ 1955ರ ಮಾರ್ಚ್ 2ರದ್ದು. 15 ವರ್ಷದ ಕಪ್ಪು ಹುಡುಗಿ ಕ್ಲಾಡೆಟ್ ಕಾಲ್ವಿನ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ. ಪೊಲೀಸರು ಕೈಕೋಳ ಹಾಕಿ ಕರೆದೊಯ್ದರು. ಇದೇ ಊರಿನ ಬಸ್ಸಿನಲ್ಲಿ ಹೀಗೇ ಸೀಟು ಬಿಡದೆ ಹೆಸರಾದ ರೋಸಾ ಪಾರ್ಕ್ಸ್ ಬಗ್ಗೆ ಕೇಳಿದ್ದೀರಿ ಅಲ್ವಾ? ಅವರಿಗಿಂತ ಒಂಬತ್ತು ತಿಂಗಳು ಮುಂಚೆ!

ಬಸ್ ಹತ್ತುವ ದೃಶ್ಯ ಗಮನವಿಟ್ಟು ನೋಡಿ. ಕಪ್ಪು ಜನ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಮತ್ತೆ ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕಿತ್ತು. ಅಷ್ಟರಲ್ಲಿ ಬಸ್ ಹೊರಟುಬಿಡುವುದೂ ಇತ್ತು.

ಸಂಗೀತ ಸ್ವಲ್ಪ ಜಾಸ್ತಿಯಾಯಿತು. ಕೋರ್ಟಿನ ಭಾಗವನ್ನಂತೂ ಓಡಿಸಿಬಿಟ್ಟಿದ್ದಾರೆ. ಬಸ್ಸಿನ ಈ ಭೇದ ತೆಗೆದುಹಾಕಿದ 1956ರ ಕೇಸಿನಲ್ಲಿ ಆ ಹುಡುಗಿಯೂ ದೂರುದಾರಳು.

ನೋಡಿದ ಮೇಲೆ ಸುಮ್ನೆ ಹೆಬ್ಬೆರಳಿನ ಲೈಕ್ ಒತ್ತಬೇಡಿ, ನಾಲ್ಕು ಸಾಲು ಬರೆಯಿರಿ.