ಸಾವಿನ ಕಥೆಗಿಂತ ಮೊದಲು ಆಲ್ಬಂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಇಂಗ್ಲೆಂಡಿನ ರಾಕ್ ಬ್ಯಾಂಡ್ ಜಾಯ್ ಡಿವಿಷನ್ ಬಗ್ಗೆ ಯಾರೇ ಬರೆಯಲಿ, ಹಾಡುಗಾರ ಇಯಾನ್ ಕರ್ಟಿಸ್‌ನ ಆತ್ಮಹತ್ಯೆ ಮೊದಲ ಪ್ಯಾರಾದಲ್ಲೇ ಬಂದುಬಿಡುತ್ತದೆ. ಆಮೇಲೆ ಹಾಡುಗಳೆಲ್ಲ ಆ ಸಾವಿನ ಮುನ್ಸೂಚನೆಯಂತೆ ಕಾಣತೊಡಗುತ್ತವೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಅವರ ಮೊದಲ ಆಲ್ಬಂ ‘ಅನ್‌ನೋನ್ ಪ್ಲೆಷರ್ಸ್’ ಬಂದದ್ದು 1979ರ ಜೂನ್‌ನಲ್ಲಿ. ಕರ್ಟಿಸ್ ತೀರಿಕೊಂಡದ್ದು 1980ರ ಮೇ 18ರಂದು. ಆಲ್ಬಂ ರೆಕಾರ್ಡ್ ಆಗುವಾಗ ನಾಲ್ವರೂ 21ರಿಂದ 23 ವರ್ಷದ ಹುಡುಗರು. ಸಾಯುವ ಬಗ್ಗೆ ಅಲ್ಲ, ಹಾಡು ಹೇಗೆ ಕೇಳಿಸಬೇಕು ಅನ್ನುವುದರ ಬಗ್ಗೆ ಅಲ್ಲಿ ಜಗಳ ನಡೆಯುತ್ತಿತ್ತು. ನನಗೆ ಆ ಜಗಳವೇ ಮುಖ್ಯ.

1976ರ ಜೂನ್‌ನಲ್ಲಿ ಮ್ಯಾಂಚೆಸ್ಟರ್‌ನ ಒಂದು ಸಣ್ಣ ಸಭಾಂಗಣದಲ್ಲಿ ಪಂಕ್ ಅನ್ನುವ ಒರಟು, ವೇಗದ ರಾಕ್ ನುಡಿಸುವ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡ್‌ನ ಕಾರ್ಯಕ್ರಮ ಇತ್ತು. ಶಾಲೆಯಿಂದಲೂ ಗೆಳೆಯರಾಗಿದ್ದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಅದನ್ನು ನೋಡಿದರು. ನಮ್ಮಿಂದಲೂ ಆಗುತ್ತದೆ ಅನ್ನಿಸಿತು. ಹುಕ್ ತಗ್ಗು ಸ್ವರಗಳ ಬೇಸ್ ಗಿಟಾರ್ ಕೊಂಡ. ಆಮೇಲೆ ಕರ್ಟಿಸ್ ಸೇರಿಕೊಂಡ, ಡ್ರಮ್ಸ್‌ಗೆ ಸ್ಟೀಫನ್ ಮಾರಿಸ್ ಬಂದ. ಸಮ್ನರ್ ಗಿಟಾರ್ ಸದ್ದು ಎಷ್ಟು ಜೋರಿತ್ತೆಂದರೆ ಹುಕ್‌ಗೆ ತನ್ನ ಕೆಟ್ಟ ಆಂಪ್ಲಿಫೈಯರ್‌ನಲ್ಲಿ ಬೇಸ್ ತನಗೇ ಕೇಳುತ್ತಿರಲಿಲ್ಲ. ಹಾಗಾಗಿ ಮೇಲಿನ ಸ್ವರಗಳಲ್ಲಿ ನುಡಿಸತೊಡಗಿದ. ಜಾಯ್ ಡಿವಿಷನ್ ಹಾಡುಗಳಲ್ಲಿ ರಾಗ ಬೇಸ್‌ನಲ್ಲಿದೆ, ಗಿಟಾರ್ ಅಂಚಿನಲ್ಲಿ ನಿಲ್ಲುತ್ತದೆ. ಇದು ಯಾರೋ ಕೂತು ಹೆಣೆದ ಸಿದ್ಧಾಂತವಲ್ಲ, ಕೆಟ್ಟ ಆಂಪ್ಲಿಫೈಯರ್‌ನಿಂದ ಹುಟ್ಟಿದ ಚಂದ.

ಇನ್ನು ಜಗಳದ ವಿಷಯ. 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಆಯಿತು. ನಿರ್ಮಾಪಕ, ಅಂದರೆ ಸ್ಟುಡಿಯೊದಲ್ಲಿ ಆಲ್ಬಂನ ಸದ್ದನ್ನು ರೂಪಿಸುವವನು, ಮಾರ್ಟಿನ್ ಹ್ಯಾನೆಟ್. ವೇದಿಕೆಯ ಮೇಲೆ ಈ ಬ್ಯಾಂಡ್ ಒರಟು, ವೇಗ, ಕಿವಿಗಡಚಿಕ್ಕುವ ಸದ್ದು. ಹ್ಯಾನೆಟ್ ಅದನ್ನೆಲ್ಲ ಬಿಡಿಸಿಟ್ಟ. ಮಾರಿಸ್‌ನ ಡ್ರಮ್‌ಗಳ ಸದ್ದು ಒಂದಕ್ಕೊಂದು ಬೆರೆಯದಂತೆ ಬೇರೆಬೇರೆಯಾಗಿ ಹಿಡಿದ. ಆಗಷ್ಟೇ ಬಂದಿದ್ದ ಡಿಜಿಟಲ್ ಡಿಲೇ ಎಂಬ, ಸದ್ದನ್ನು ತಡವಾಗಿ ಮರುಕಳಿಸುವ ಯಂತ್ರದಲ್ಲಿ ಅವನ್ನು ಹಾಯಿಸಿದ. ‘ಶೀಸ್ ಲಾಸ್ಟ್ ಕಂಟ್ರೋಲ್’ ಹಾಡಿನಲ್ಲಿ ಡ್ರಮ್ ಜತೆ ಚುಸ್ ಚುಸ್ ಅನ್ನುವುದು ಸ್ಪ್ರೇ ಡಬ್ಬಿಯ ಸದ್ದು. ‘ಇನ್‌ಸೈಟ್’ನಲ್ಲಿ ಲಿಫ್ಟ್ ಓಡಾಡುತ್ತದೆ. ಕೊನೆಯ ಹಾಡಿನಲ್ಲಿ ಗಾಜು ಒಡೆಯುತ್ತದೆ. ಎಲ್ಲಕ್ಕಿಂತ ದೊಡ್ಡದು ಸದ್ದುಗಳ ನಡುವೆ ಅವನು ಬಿಟ್ಟ ಖಾಲಿ ಜಾಗ. ಖಾಲಿ ಗೋದಾಮಿನಲ್ಲಿ ನಿಂತು ಕೇಳಿದ ಹಾಗಿರುತ್ತದೆ.

ಸಮ್ನರ್ ಮತ್ತು ಹುಕ್‌ಗೆ ಇದು ಇಷ್ಟವಾಗಲಿಲ್ಲ. ನಮ್ಮ ಹಾಡಿನ ಬಿಸಿಯನ್ನೇ ತೆಗೆದುಬಿಟ್ಟ ಅನ್ನುವುದು ಅವರ ದೂರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಾನು ಹ್ಯಾನೆಟ್ ಪರ. ಆ ವರ್ಷಗಳಲ್ಲಿ ಜೋರಾಗಿ ಬಾರಿಸುವ ಪಂಕ್ ಬ್ಯಾಂಡ್‌ಗಳು ಸಾಕಷ್ಟಿದ್ದವು. ಈ ಆಲ್ಬಂ ಇವತ್ತಿಗೂ ಹಳತಾಗದೆ ಉಳಿದಿರುವುದು ಅವನ ಹಟದಿಂದ. ಅವನ ಹೆಸರು ನಮ್ಮ ಬರಹಗಳಲ್ಲಿ ಬರುವುದೇ ಅಪರೂಪ ಅಲ್ವಾ?

ಕರ್ಟಿಸ್‌ನ ಬಗ್ಗೆಯೂ ಒಂದು ಮಾತು. ಅವನು ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಸರ್ಕಾರಿ ಉದ್ಯೋಗ ಕೇಂದ್ರದ ನೌಕರ. ಅಂಗವಿಕಲರಿಗೆ ಕೆಲಸ ಹುಡುಕಲು ನೆರವಾಗುವುದು ಅವನ ಕೆಲಸ. ಕೆಲಸ ಕೇಳಿಕೊಂಡು ಅಲ್ಲಿಗೆ ಬರುತ್ತಿದ್ದ ಯುವತಿಯೊಬ್ಬಳಿಗೆ ಮೂರ್ಛೆರೋಗ ಇತ್ತು. ಆಮೇಲೆ ಅವಳು ತೀರಿಕೊಂಡಳು ಎಂದು ಅವನಿಗೆ ಗೊತ್ತಾಯಿತು. ‘ಶೀಸ್ ಲಾಸ್ಟ್ ಕಂಟ್ರೋಲ್’ ಅವಳ ಹಾಡು. ಅವನಿಗೂ ಮೂರ್ಛೆರೋಗ ಇದೆಯೆಂದು 1979ರ ಆರಂಭದಲ್ಲಿ ವೈದ್ಯರು ಹೇಳಿದ್ದರು, ನಿಜ. ಹಾಗಂತ ಹಾಡನ್ನು ಪೂರ್ತಿ ಅವನ ಕಾಯಿಲೆಯ ಕಥೆ ಮಾಡಿದರೆ ಆ ಹುಡುಗಿ ಮಾಯವಾಗುತ್ತಾಳೆ. ಮೇಜಿನ ಆಚೆ ಕೂತ ಒಬ್ಬಳನ್ನು ಅವನು ಅಷ್ಟು ಗಮನವಿಟ್ಟು ನೋಡಿದ್ದ. ನನ್ನ ಮಟ್ಟಿಗೆ ಅವನು ದೊಡ್ಡ ಕವಿಯಾಗುವುದು ಅಲ್ಲಿ.

ಮುಖಪುಟದ ಚಿತ್ರ ಈಗ ಜಗತ್ತಿನ ಎಲ್ಲ ಟಿ-ಶರ್ಟ್‌ಗಳ ಮೇಲೂ ಇದೆ. ಬೆಟ್ಟದ ಸಾಲಿನಂತೆ ಕಾಣುವ ಆ ಗೆರೆಗಳು ಪಲ್ಸಾರ್ ಎಂಬ, ವೇಗವಾಗಿ ತಿರುಗುವ ಒಂದು ನಕ್ಷತ್ರದಿಂದ ಬಂದ ರೇಡಿಯೊ ಮಿಡಿತಗಳು. 1967ರಲ್ಲಿ ಕೇಂಬ್ರಿಡ್ಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅದನ್ನು ಪತ್ತೆ ಮಾಡಿದ್ದರು. ಖಗೋಳ ವಿಜ್ಞಾನದ ವಿಶ್ವಕೋಶದಿಂದ ಚಿತ್ರವನ್ನು ಬ್ಯಾಂಡ್‌ನವರೇ ಆರಿಸಿಕೊಟ್ಟರು. ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆಗಳನ್ನು ವಿನ್ಯಾಸಕಾರ ಪೀಟರ್ ಸ್ಯಾವಿಲ್ ತಿರುಗಿಸಿ ಕಪ್ಪಿನ ಮೇಲೆ ಬಿಳಿ ಮಾಡಿದ. ಮುಂಭಾಗದಲ್ಲಿ ಬ್ಯಾಂಡ್ ಹೆಸರಿಲ್ಲ, ಆಲ್ಬಂ ಹೆಸರೂ ಇಲ್ಲ. ಮೊದಲ ಆಲ್ಬಂಗೆ ಹೀಗೆ ಮಾಡಲು ಎಂಥ ಧೈರ್ಯ ಬೇಕು!

ನಿಮ್ಮ ಪುರವಣಿಯಲ್ಲಿ ಸಿನಿಮಾ ಹಾಡುಗಳ ಜತೆ ಇಂಥ ಆಲ್ಬಂಗಳಿಗೂ ಆಗಾಗ ಅರ್ಧ ಪುಟ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಸ್ಟುಡಿಯೊದಲ್ಲಿ ಏನಾಯಿತು, ಯಾರು ಏನು ನುಡಿಸಿದರು ಎಂದು ಬರೆಯಿಸಿ. ಈ ಆಲ್ಬಂ ಹೊಸದಾಗಿ ಕೇಳುವವರು ಮೊದಲ ಹಾಡು ‘ಡಿಸಾರ್ಡರ್’ನಿಂದಲೇ ಶುರು ಮಾಡಲಿ, ಹೆಡ್‌ಫೋನ್ ಹಾಕಿಕೊಂಡು. ಮೊದಲು ಡ್ರಮ್, ಆಮೇಲೆ ಬೇಸ್, ಆಮೇಲೆ ಗಿಟಾರ್, ಒಂದೊಂದಾಗಿ ಒಳಗೆ ಬರುತ್ತವೆ. ಇರುವುದು ಹತ್ತೇ ಹಾಡು, ಪೂರ್ತಿ ಕೇಳಲು ಮುಕ್ಕಾಲು ಗಂಟೆಯೂ ಬೇಡ.

ಇತಿ,
ನಿಮ್ಮ ಓದುಗ, ಮೈಸೂರು